ಕೈ ಎತ್ತಿ ನಿಂತಿದ್ದ ರಟ್ಟಿನ ಮನುಷ್ಯ

ನಮ್ಮ ಅಜ್ಜನ ಮನೆಯಲ್ಲಿ ಜೋಡಿ ನಳಿಗೆಯ ಕೋವಿಯೊಂದಿತ್ತು. ಅದು ಮನೆಯಲ್ಲಿ ಇದ್ದದ್ದಕ್ಕಿಂತ ಠಾಣೆಯಲ್ಲಿ ಇದ್ದದ್ದೇ ಹೆಚ್ಚು ಅಂತ ಅಜ್ಜ ಗೊಣಗುತ್ತಿದ್ದರು. ಪ್ರತಿ ಚುನಾವಣೆಗೂ ಒಯ್ದು ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಗದ್ದೆಗೆ ಹಂದಿ ಇಳಿದ ರಾತ್ರಿ ದೂರದಿಂದ ಒಂದು ಈಡು ಕೇಳಿಸುತ್ತಿತ್ತು, ಅಷ್ಟೆ. ನಮ್ಮನ್ನು ಅದರ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆಮೇಲೆ ಕಾಲೇಜಿನ ಎನ್‌ಸಿಸಿಯಲ್ಲಿ ಹೊಟ್ಟೆ ಮೇಲೆ ಮಲಗಿ .22 ರೈಫಲಿನಿಂದ ಐದು ಗುಂಡು ಹಾರಿಸಿದ್ದೇ ನನ್ನ ಕೋವಿ ಪುರಾಣದ ಮೊದಲೂ ಕೊನೆಯೂ ಆಗಿತ್ತು. ಅಂಥ ನಾನು ನಲವತ್ತೆರಡನೇ ವಯಸ್ಸಿನಲ್ಲಿ ಟೆಕ್ಸಾಸ್‌ನ ಸುಡುಬಿಸಿಲಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು, ಮೇಲೆ ಖಾದಿ ಜುಬ್ಬ ಇಳಿಬಿಟ್ಟು, ಸ್ಪರ್ಧೆಯ ಸಾಲಿನಲ್ಲಿ ನಿಂತಿದ್ದೆ.

ಜುಬ್ಬದ ಕತೆಗೆ ಬರುತ್ತೇನೆ. ಅದಕ್ಕೂ ಮೊದಲು ಇಲ್ಲಿಗೆ ಬರಲು ಹೊರಟಿರುವ ಹುಡುಗರಿಗೆ ಒಂದು ಮಾತು. ಅಮೆರಿಕದಲ್ಲಿ ಯಾರು ಬೇಕಾದರೂ ಅಂಗಡಿಗೆ ಹೋಗಿ ಬಂದೂಕು ತರಬಹುದು ಅಂತ ನಾನೂ ನಂಬಿದ್ದೆ. ವಿದ್ಯಾರ್ಥಿ ವೀಸಾ, ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ, ಇನ್ನೂ ಕೆಲವು ವಿನಾಯಿತಿಗಳಿವೆ. ಆದರೆ ಗೆಳೆಯ ಕರೆದ ಅಂತ ಹೋಗಿ ಸುಮ್ಮನೆ ಎರಡು ಗುಂಡು ಹೊಡೆದು ಫೋಟೋ ಹಾಕುವುದು ತಮಾಷೆಯಲ್ಲ, ವೀಸಾಕ್ಕೇ ಕುತ್ತು ತರಬಹುದು. ನನ್ನ ಸಹೋದ್ಯೋಗಿಯೊಬ್ಬ ವರ್ಷಗಟ್ಟಲೆ ಕರೆದ, ನಾನು ಗ್ರೀನ್ ಕಾರ್ಡ್ ಬರುವ ತನಕ ಹೋಗಲಿಲ್ಲ. ಅದು ಬಂದ ಮೇಲೆ ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಿದೆ. ಅವರು ಅಲ್ಲೇ ನನ್ನ ಹಿನ್ನೆಲೆ ಪರಿಶೀಲನೆ ಮಾಡಿಸಿ 9 ಎಂಎಂ ಪಿಸ್ತೂಲು ಕೊಟ್ಟರು. ಮನೆಗೆ ತಂದ ದಿನವೇ ಹೆಂಡತಿ ಕಬ್ಬಿಣದ ಸೇಫ್ ತರಿಸಿದಳು. ಅದರ ನಂಬರು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.

ನಾನು ಹೋದದ್ದು ಐಡಿಪಿಎ (ಇಂಟರ್‌ನ್ಯಾಷನಲ್ ಡಿಫೆನ್ಸಿವ್ ಪಿಸ್ತೂಲ್ ಅಸೋಸಿಯೇಷನ್) ಎಂಬ ಪದ್ಧತಿಯ ಸ್ಪರ್ಧೆಗೆ. 1996ರಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ, 1976ರಿಂದಲೇ ಐಪಿಎಸ್‌ಸಿ ಎಂಬ ಇನ್ನೊಂದು ಪದ್ಧತಿ ಇತ್ತು. ಅದು ಬೆಳೆಯುತ್ತ ಬೆಳೆಯುತ್ತ ರೇಸ್ ಕಾರಿನಂಥ ದುಬಾರಿ ಪಿಸ್ತೂಲುಗಳ ಆಟವಾಯಿತು ಅಂತ ಬೇಸತ್ತ ಕೆಲವರು ಇದನ್ನು ಕಟ್ಟಿದರು. ಸಾಮಾನ್ಯ ಮನುಷ್ಯ ಆತ್ಮರಕ್ಷಣೆಗೆ ಬಟ್ಟೆಯೊಳಗೆ ಮರೆಸಿ ಒಯ್ಯುವಂಥ ಪಿಸ್ತೂಲು, ಅಂಥದ್ದೇ ಹೋಲ್‌ಸ್ಟರು (ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಚೀಲ), ಅಂಥ ಸನ್ನಿವೇಶ ಮಾತ್ರ ಇರಲಿ ಅನ್ನುವುದು ಅವರ ಹಟ. ಹಾಗಾಗಿ ಒಂದೊಂದು ಸುತ್ತಿಗೂ ಒಂದೊಂದು ಕತೆ ಇರುತ್ತದೆ, ಮತ್ತು ಒಂದು ಸುತ್ತಿಗೆ 18 ಗುಂಡಿಗಿಂತ ಹೆಚ್ಚು ಬೇಕಾಗುವಂತೆ ಕತೆ ಕಟ್ಟುವ ಹಾಗಿಲ್ಲ.

ಬೆಳಿಗ್ಗೆ ಎಂಟಕ್ಕೆ ಹೋದೆ. ಒಂದು ಡಬ್ಬದಂಗಡಿಯಷ್ಟು ದೊಡ್ಡ ಶೆಡ್ಡು, ಮೂರು ಕಡೆ ಮಣ್ಣಿನ ಏರಿ ಹಾಕಿದ ಅಂಗಳಗಳು, ಇಪ್ಪತ್ತೈದು ಡಾಲರು ಶುಲ್ಕ. ಹೊಸಬರು ನಾಲ್ಕು ಜನ ಇದ್ದೆವು. ನಮ್ಮನ್ನು ಪಕ್ಕಕ್ಕೆ ಕರೆದು ಹಿರಿಯರೊಬ್ಬರು ಮುಕ್ಕಾಲು ಗಂಟೆ ಪಾಠ ಮಾಡಿದರು. ಗುರಿ ಇಡುವುದರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ! ಎಲ್ಲವೂ ಏನೇನು ಮಾಡಬಾರದು ಅನ್ನುವುದೇ. ಸುತ್ತು ನಡೆಸುವ ಅಧಿಕಾರಿ ಹೇಳುವ ತನಕ ಪಿಸ್ತೂಲು ಖಾಲಿಯಾಗಿ ಹೋಲ್‌ಸ್ಟರಿನಲ್ಲೇ ಇರಬೇಕು. ಮುಟ್ಟಲೇಬೇಕಾದರೆ ‘ಸೇಫ್ ಏರಿಯಾ’ ಅನ್ನುವ ಮೇಜಿನ ಹತ್ತಿರ ಹೋಗಬೇಕು, ಅಲ್ಲಿ ಗುಂಡು ಮುಟ್ಟುವಂತಿಲ್ಲ. ಓಡುವಾಗ, ಮ್ಯಾಗಝೀನು (ಪಿಸ್ತೂಲಿನ ಹಿಡಿಯೊಳಗೆ ತುರುಕುವ ಗುಂಡಿನ ಡಬ್ಬಿ) ಬದಲಿಸುವಾಗ ಬೆರಳು ಟ್ರಿಗರಿನಿಂದ ಹೊರಗಿರಬೇಕು. ನಳಿಗೆ ಏರಿಯ ಕಡೆಗೇ ಇರಬೇಕು, ಎಡಕ್ಕೋ ಬಲಕ್ಕೋ ಮಿತಿ ಮೀರಿ ತಿರುಗಿದರೆ ಆಟ ಮುಗಿಯಿತು. ಕೈಯಿಂದ ಬೀಳಿಸಿದರೂ ಅಷ್ಟೆ, ಮನೆಗೆ. ಕೊನೆಗೆ ಅವರು ಹೇಳಿದ್ದು: ‘ಇವತ್ತು ನಿಮಗೆ ಇರುವ ಗುರಿ ಒಂದೇ, ಸಂಜೆಯ ತನಕ ಆಟದಲ್ಲಿ ಉಳಿಯುವುದು.’

ಆಮೇಲೆ ಮರೆಯುಡುಪಿನ ಪರೀಕ್ಷೆ. ಎರಡೂ ತೋಳು ಪಕ್ಕಕ್ಕೆ ಚಾಚಿ ಸುತ್ತ ತಿರುಗಬೇಕು, ಪಿಸ್ತೂಲು ಯಾವ ಕಡೆಯಿಂದಲೂ ಕಾಣಿಸಬಾರದು. ಬಾಕಿಯವರೆಲ್ಲ ಮೀನು ಹಿಡಿಯುವವರ ಹಾಗೆ ತುಂಬ ಜೇಬಿನ ವೇಸ್ಟ್ ಕೋಟು ಹಾಕಿದ್ದರು. ಸಡಿಲವಾಗಿ, ತಂಪಾಗಿ, ಮೊಳಕಾಲ ತನಕ ಇರುವ ಜುಬ್ಬಕ್ಕಿಂತ ಮರೆಯುಡುಪು ಬೇಕೇ ಅಂತ ನನ್ನ ಲೆಕ್ಕಾಚಾರ. ತೋಳು ಚಾಚಿದೆ. ಜುಬ್ಬದ ಪಕ್ಕದ ಸೀಳು ತೆರೆದುಕೊಂಡಿತು, ಸರಿಯಾಗಿ ಸೊಂಟದ ಹತ್ತಿರ, ಕಿಟಕಿಯಲ್ಲಿ ಇಣುಕುವ ಮಗುವಿನ ಹಾಗೆ ಪಿಸ್ತೂಲಿನ ಹಿಡಿ. ಯಾರೂ ಗಟ್ಟಿಯಾಗಿ ನಗಲಿಲ್ಲ, ಅದು ಅವರ ಸೌಜನ್ಯ. ಒಬ್ಬರು ತಮ್ಮ ಕಾರಿನಿಂದ ಹಳೇ ವೇಸ್ಟ್ ಕೋಟು ತಂದು ಕೊಟ್ಟರು. ಅದರ ಎರಡೂ ಜೇಬಿಗೆ ಗೋಲಿಯಂಥ ಭಾರ ಹಾಕಿದ್ದರು. ಕೋಟನ್ನು ಹಿಂದಕ್ಕೆ ಬೀಸಿದರೆ ಅಂಚು ಹಾರಿ ದೂರ ನಿಲ್ಲಲಿ ಅಂತ.

ನನ್ನ ಮೊದಲ ಸುತ್ತಿನ ಕತೆ: ನೀನು ದಿನಸಿ ಅಂಗಡಿಯಿಂದ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದೀಯ, ಇಬ್ಬರು ಅಡ್ಡ ಬರುತ್ತಾರೆ, ಗೋಡೆಯ ಆಚೆ ಇನ್ನೂ ನಾಲ್ವರು ಇದ್ದಾರೆ. ಒಟ್ಟು ಆರು ರಟ್ಟಿನ ಮನುಷ್ಯರು, ಎಲ್ಲರಿಗೂ ಹಳೇ ಟೀ ಶರ್ಟು. ಒಬ್ಬೊಬ್ಬರಿಗೆ ಎರಡೆರಡು ಗುಂಡು. ಅವರ ನಡುವೆ ಎರಡು ರಟ್ಟುಗಳ ಮೇಲೆ ತೆರೆದ ಅಂಗೈಗಳ ಚಿತ್ರ. ಅವರು ದಾರಿಹೋಕರು, ಮುಟ್ಟಬಾರದು.

‘ಲೋಡ್ ಅಂಡ್ ಮೇಕ್ ರೆಡಿ’ ಅಂದರು ಅಧಿಕಾರಿ. ನನ್ನ ಕಿವಿಯಲ್ಲಿ ನನ್ನದೇ ಎದೆ ಬಡಿತ. ‘ಆರ್ ಯು ರೆಡಿ’, ‘ಸ್ಟ್ಯಾಂಡ್ ಬೈ’, ಆಮೇಲೆ ಟೈಮರಿನ ಕೀಂ ಸದ್ದು. ಅಲ್ಲಿಂದ ಮುಂದೆ ನೆನಪಿರುವುದು ಚೂರುಚೂರು. ಮೊದಲಿನ ಇಬ್ಬರಿಗೆ ಹೊಡೆದೆ. ಗೋಡೆಯ ಮರೆಗೆ ಓಡಿದೆ. ಮರೆಯಿಂದ ಹೊಡೆಯುವಾಗ ಇಡೀ ಮೈ ಹೊರಗೆ ಹಾಕುವಂತಿಲ್ಲ. ಅಂಚಿನಿಂದ ಸ್ವಲ್ಪ ಸ್ವಲ್ಪವೇ ಹೊರಬಾಗುತ್ತ, ಮೊದಲು ಕಂಡವನಿಗೆ ಮೊದಲು ಹೊಡೆದು ಮುಂದಿನವನನ್ನು ನೋಡಬೇಕು, ಹೋಳಿಗೆಯನ್ನು ತುಂಡು ತುಂಡಾಗಿ ಕೊಯ್ದ ಹಾಗೆ. ನಾನು ಒಬ್ಬನನ್ನು ಬಿಟ್ಟು ಆಚೆಯವನಿಗೆ ಹೊಡೆದೆ. ಹನ್ನೊಂದನೇ ಗುಂಡಿಗೆ ಪಿಸ್ತೂಲು ಖಾಲಿಯಾಗಿ ಬಾಯಿ ತೆರೆದು ನಿಂತಿತು, ಇನ್ನೊಂದೇ ಗುಂಡು ಬೇಕಿತ್ತು. ಖಾಲಿ ಮ್ಯಾಗಝೀನು ಕೆಳಗೆ ಬಿತ್ತು. ಬಿದ್ದದ್ದನ್ನು ಹೆಕ್ಕದೆ ಹೋದರೆ ಬೈಸಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದವನು, ಕೈ ತಾನಾಗಿ ಬಗ್ಗಿತು! ‘ಮಝಲ್!’ (ನಳಿಗೆಯ ಬಾಯಿ!) ಅಂತ ಬೆನ್ನ ಹಿಂದೆ ಒಂದು ಗುಡುಗು. ನಳಿಗೆ ಎಡಕ್ಕೆ ತಿರುಗುತ್ತಿತ್ತು. ಇನ್ನೊಂದು ಗೇಣು ಹೋಗಿದ್ದರೆ ಆ ದಿನದ ಆಟ ಅಲ್ಲಿಗೆ ಮುಗಿದಿತ್ತು. ಮ್ಯಾಗಝೀನು ಬಿಟ್ಟು ನೆಟ್ಟಗಾದೆ, ಹೊಸದನ್ನು ತುರುಕಿ ಕೊನೆಯ ಗುಂಡು ಹೊಡೆದೆ.

ಲೆಕ್ಕ ಹೀಗೆ. ಟೈಮರಿನ ಸಮಯಕ್ಕೆ ತಪ್ಪುಗಳನ್ನು ಸೆಕೆಂಡುಗಳಾಗಿ ಕೂಡಿಸುತ್ತಾರೆ. ರಟ್ಟಿನ ನಡುವಿನ ವೃತ್ತಕ್ಕೆ ಬಿದ್ದರೆ ಸೊನ್ನೆ, ಅದರ ಸುತ್ತ ಬಿದ್ದರೆ ಒಂದು, ಇನ್ನೂ ಹೊರಗೆ ಮೂರು, ತಗುಲದೇ ಹೋದರೆ ಐದು. 2017ರಿಂದ ಈಚೆಗೆ ಒಂದೊಂದು ಅಂಕಕ್ಕೂ ಪೂರ್ತಿ ಒಂದು ಸೆಕೆಂಡು ದಂಡ, ಮುಂಚೆ ಅರ್ಧ ಇತ್ತಂತೆ. ನನ್ನದು ಟೈಮರಿನಲ್ಲಿ 38.6, ಅಂಕಗಳದ್ದು 14, ಕ್ರಮ ತಪ್ಪಿದ್ದಕ್ಕೆ 3. ಆಮೇಲೆ ಅಧಿಕಾರಿ ಒಂದು ಟೀ ಶರ್ಟಿನ ಮುಂದೆ ನಿಂತು ತೂತಿಗೆ ಬೆರಳಿಟ್ಟರು. ತೆರೆದ ಅಂಗೈಯವನು. ನಾನು ತಪ್ಪಿಸಿದ ಆ ಒಂದು ಗುಂಡು ಅವನ ಭುಜಕ್ಕೆ ಹೋಗಿತ್ತು. ಅದಕ್ಕೆ ಇನ್ನೂ 5. ಒಟ್ಟು 60.6 ಸೆಕೆಂಡು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ ಹೆಂಗಸು ಅದೇ ಸುತ್ತನ್ನು ಇಪ್ಪತ್ತರೊಳಗೆ ಮುಗಿಸಿದ್ದರು, ಮತ್ತು ಅವರು ಅವಸರ ಮಾಡಿದಂತೆ ನನಗಂತೂ ಕಾಣಲಿಲ್ಲ.

ಆ ತೂತು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಒಬ್ಬೊಬ್ಬರ ಸರದಿ ಮುಗಿದ ಮೇಲೂ ಉಳಿದವರೆಲ್ಲ ಹೋಗಿ ತೂತುಗಳಿಗೆ ಸಣ್ಣ ಪಟ್ಟಿ ಅಂಟಿಸಬೇಕು, ಅದು ಇಲ್ಲಿನ ಶಿಷ್ಟಾಚಾರ. ಕೂತು ನೋಡುವವನಿಗೆ ಬೆಲೆಯಿಲ್ಲ. ಅವನ ಭುಜಕ್ಕೆ ನಾನೇ ಪಟ್ಟಿ ಅಂಟಿಸಿದೆ. ಈ ದೇಶದಲ್ಲಿ ಬಂದೂಕಿನ ಸುದ್ದಿ ಬಂದಾಗಲೆಲ್ಲ ಮಗಳ ಶಾಲೆಯ ನೆನಪಾಗಿ ಹೊಟ್ಟೆ ತೊಳಸುತ್ತದೆ, ಆ ಭಯ ಸ್ಪರ್ಧೆಗೆ ಹೋದದ್ದರಿಂದ ಕಮ್ಮಿಯಾಗಿಲ್ಲ. ಆಗಿದ್ದು ಬೇರೆಯೇ. ಪಿಸ್ತೂಲು ಸೊಂಟದಲ್ಲಿದ್ದರೆ ನಾನು ಸಮಯಕ್ಕೆ ಯಾರನ್ನಾದರೂ ಕಾಪಾಡಿಯೇನು ಅನ್ನುವ ಭ್ರಮೆ ಒಳಗೆಲ್ಲೋ ಇತ್ತಲ್ಲ, ಅದು ಆ ಬೆಳಿಗ್ಗೆ 60.6 ಸೆಕೆಂಡಿನಲ್ಲಿ ಇಳಿದುಹೋಯಿತು. ಎದುರಿಗಿದ್ದವರು ಅಲುಗಾಡದ ರಟ್ಟುಗಳು, ಯಾರೂ ತಿರುಗಿ ಹೊಡೆಯುತ್ತಿರಲಿಲ್ಲ, ಎಲ್ಲಿ ಯಾರಿದ್ದಾರೆ ಅಂತ ಮೊದಲೇ ನಡೆದು ನೋಡಿದ್ದೆ. ಆದರೂ ಕೈ ಎತ್ತಿ ನಿಂತವನಿಗೇ ಹೊಡೆದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಬಾಯಿ ತಪ್ಪಿ ಹೇಳಿಬಿಟ್ಟೆ. ‘ಎಂತಕ್ಕೆ ಮಾರಾಯ ನಿಂಗೆ ಅದೆಲ್ಲ? ಅಜ್ಜನ ಕೋವಿ ಮಾರಿ ಎಷ್ಟು ವರ್ಷ ಆಯ್ತು, ಈಗ ನೀ ಶುರು ಮಾಡಿದ್ಯ?’ ಅಂದರು. ಉತ್ತರ ಹೊಳೆಯಲಿಲ್ಲ. ಕ್ರಿಕೆಟ್ ಇದ್ದ ಹಾಗೆ ಅಮ್ಮ, ಬರೀ ಆಟ ಅಂದೆ. ‘ಕ್ರಿಕೆಟ್ಟಿಗೆ ಸೇಫ್ ಬೇಕಾ?’ ಅಂದರು.

ಹೋಗುವ ಮನಸ್ಸಿದ್ದವರಿಗೆ: ದುಬಾರಿ ಸಾಮಾನು ಏನೂ ಬೇಡ. ಸಾಮಾನ್ಯ ಪಿಸ್ತೂಲು, ಟ್ರಿಗರು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರು, ಬಾಗದ ಬೆಲ್ಟು, ಮೂರು ಮ್ಯಾಗಝೀನು, ಕಣ್ಣಿಗೆ ಕಿವಿಗೆ ರಕ್ಷಣೆ, 150 ಗುಂಡು, ತುಂಬ ನೀರು. ಹೋಲ್‌ಸ್ಟರಿನಲ್ಲಿ ಮಾತ್ರ ಚೌಕಾಸಿ ಮಾಡಬೇಡಿ, ಮೆತ್ತಗಿನ ಬಟ್ಟೆಯದು ತಂದವರನ್ನು ನಮ್ಮ ಕ್ಲಬ್ಬಿನಲ್ಲಿ ಆಡಲು ಬಿಡುವುದಿಲ್ಲ. ನಾವಿಸ್‌ನಿಂದ ಡಿಸ್ಟಿಂಗ್ವಿಶ್ಡ್ ಮಾಸ್ಟರ್ ತನಕ ದರ್ಜೆಗಳಿವೆ, ಅದರ ಪರೀಕ್ಷೆ ಬೇರೆ ದಿನ ನಡೆಯುತ್ತದೆ, ಮೊದಲ ತಿಂಗಳು ಅದರ ಗೊಡವೆ ಬೇಡ.

ಮನೆಯ ಅಭ್ಯಾಸಕ್ಕೆ ಗುಂಡೇ ಬೇಡ. ಗುಂಡಿನ ಡಬ್ಬಿ ಇನ್ನೊಂದು ಕೋಣೆಯಲ್ಲಿ, ಖಾಲಿ ಪಿಸ್ತೂಲನ್ನು ಎರಡು ಸಲ ಪರೀಕ್ಷಿಸಿ, ಕೋಟು ಬೀಸಿ ತೆಗೆಯುವುದು, ಮ್ಯಾಗಝೀನು ಬೀಳಿಸಿ ಹೊಸದು ತುರುಕುವುದು. ಬೀಳಿಸಿ ಅದನ್ನು ನೋಡದೇ ಇರುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಈಗ ನೆಲಕ್ಕೆ ಒಂದು ದಿಂಬು ಹಾಕಿಕೊಳ್ಳುತ್ತೇನೆ, ಸದ್ದು ಕೇಳಿಸದಿದ್ದರೆ ಕೈ ಬಗ್ಗುವುದಿಲ್ಲ.

ಎರಡನೇ ತಿಂಗಳು ಹೋದಾಗ ಸ್ವಂತ ವೇಸ್ಟ್ ಕೋಟು ಇತ್ತು. ನನ್ನ ಸಮಯ ಮೊದಲಿಗಿಂತ ನಿಧಾನವಾಯಿತು, ಕೆಳಗಿನಿಂದ ಮೂರನೆಯವನಾದೆ. ಅಂಗೈ ತೋರಿಸಿ ನಿಂತವರ ಟೀ ಶರ್ಟುಗಳಿಗೆ ಮಾತ್ರ ಪಟ್ಟಿ ಅಂಟಿಸುವ ಕೆಲಸ ಬರಲಿಲ್ಲ.