ಕೆರೆಗೆಂದು ಹೋಗಿ ಹಳ್ಳ ಹತ್ತಿದ್ದು

ಮಾಗಡಿ ಎಂದೊಡನೆ ಬೆಂಗಳೂರಿನವರಿಗೆ ಕೆಂಪೇಗೌಡರ ಕೋಟೆ ನೆನಪಾಗುತ್ತದೆ. ನಮ್ಮ ಕಡೆಯವರಿಗೆ ನೆನಪಾಗುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಕೆರೆ. ಫೆಬ್ರುವರಿ 2ರ ವಿಶ್ವ ಜೌಗು ಪ್ರದೇಶಗಳ ದಿನಕ್ಕೆ ಮುಂಚೆ ಅಲ್ಲೊಂದು ಶ್ರಮದಾನವಿದೆಯೆಂದು ಪರಿಚಯದವರೊಬ್ಬರು ತಿಳಿಸಿದಾಗ, ಹಕ್ಕಿ ನೋಡುವ ಆಸೆಗೇ ಹೊರಟೆನೆಂದು ಒಪ್ಪಿಕೊಳ್ಳಬೇಕು. ಕಸ ಆರಿಸುವುದು ಅದರ ಜೊತೆಗೆ ಬಂದ ಹೊಣೆ ಎಂದಷ್ಟೇ ಅಂದುಕೊಂಡಿದ್ದೆ.

ಹಿಂದಿನ ದಿನ ಮಧ್ಯಾಹ್ನ ಹುಬ್ಬಳ್ಳಿಯಿಂದ ಕುಂದಗೋಳ, ಗುಡಗೇರಿ ಮಾರ್ಗದ ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಬಂದು ಉಳಿದೆ. ದಾರಿಯುದ್ದಕ್ಕೂ ಎರೆ ಹೊಲಗಳು, ತೆನೆ ಬಲಿತ ಬಿಳಿಜೋಳ, ಕೀಳಲು ಬಂದ ಕಡಲೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಕವಿರಾಜಮಾರ್ಗ ಹೆಸರಿಸುವ ಊರುಗಳಲ್ಲಿ ಅದೂ ಒಂದು. ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಊರಿನಿಂದ ಮರುದಿನ ನಸುಕಿನಲ್ಲಿ ಹನ್ನೊಂದು ಕಿಲೋಮೀಟರ್ ದೂರದ ಇನ್ನೊಂದು ಕೆರೆಗೆ ಹೊರಟಾಗ ಚಳಿ ಕಿವಿಗೆ ಕಚ್ಚುತ್ತಿತ್ತು.

ಏರಿಯ ಬಳಿ ತಲುಪಿದಾಗ ಇನ್ನೂ ಸೂರ್ಯ ಮೂಡಿರಲಿಲ್ಲ. ಮೊದಲು ಕೇಳಿದ್ದು ಸದ್ದು: ದೂರದಲ್ಲಿ ಹಲವು ಎತ್ತಿನ ಗಾಡಿಗಳ ಕೀಲು ಒಟ್ಟಿಗೇ ಕಿರುಗುಟ್ಟಿದಂತೆ. ಆಮೇಲೆ ಬೆಳಕು ಹರಿಯುತ್ತಿದ್ದ ಆಕಾಶದಲ್ಲಿ ಸಾಲುಗಳು ಕಂಡವು. ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಹಗಲಿನ ವಿಶ್ರಾಂತಿಗೆ ಕೆರೆಗೆ ಮರಳುತ್ತಿದ್ದವು. ಬಿಳಿಯ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿಗಳು ಲಡಾಖ್, ಟಿಬೆಟ್, ಮಂಗೋಲಿಯದ ಕಡೆ ಮರಿಮಾಡಿ, ಹಿಮಾಲಯವನ್ನು ದಾಟಿ ನವೆಂಬರ್ ಹೊತ್ತಿಗೆ ಇಲ್ಲಿಗೆ ಬಂದು ಮಾರ್ಚ್‌ವರೆಗೆ ಇರುತ್ತವೆ. ನೀರಾವರಿಗೆಂದು ಮಳೆನೀರು ನಿಲ್ಲಿಸಲು ಮನುಷ್ಯರು ಕಟ್ಟಿದ, ಐವತ್ತು ಹೆಕ್ಟೇರ್‌ನ ಆಸುಪಾಸಿನ ಈ ಕೆರೆಗೆ ಚಳಿಗಾಲದಲ್ಲಿ ಸುಮಾರು 8,000 ಹೆಬ್ಬಾತುಗಳು ಬರುತ್ತವೆ. ಇಲ್ಲಿ ದಾಖಲಾದ ಹಕ್ಕಿಗಳು 166 ಪ್ರಭೇದಕ್ಕೂ ಹೆಚ್ಚು, ಅವುಗಳಲ್ಲಿ 130 ವಲಸೆ ಬರುವಂಥವು. 2024ರಲ್ಲಿ ಕೆರೆಗೆ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ, ದೊರೆಯಿತು.

ಎಂಟು ಗಂಟೆಗೆ ನಲವತ್ತರಷ್ಟು ಜನ ಸೇರಿದರು: ಕಾಲೇಜು ಹುಡುಗ ಹುಡುಗಿಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಸುತ್ತಲಿನ ಹೊಲದವರು. ನಾನು ಖಾಲಿ ಚೀಲವೊಂದನ್ನು ಹಿಡಿದು ನೀರಿನ ಅಂಚಿಗೆ ಇಳಿಯಲು ಹೊರಟಾಗ, ತಲೆಗೆ ಟವೆಲು ಸುತ್ತಿದ ಹಿರಿಯ ರೈತರೊಬ್ಬರು ತಡೆದರು. "ಅಲ್ಲಿ ಇಳೀಬ್ಯಾಡ್ರಿ, ಹಕ್ಕಿ ಏಳತಾವು. ಕೆರಿ ಇಲ್ಲಿ ಶುರು ಆಗಂಗಿಲ್ಲ, ಅಲ್ಲಿ ಮ್ಯಾಲೆ ಶುರು ಆಗತೈತಿ" ಎಂದು ಕೆರೆಗೆ ಬೆನ್ನು ಮಾಡಿ, ಜೋಳದ ಹೊಲಗಳಾಚೆಯ ಏರುನೆಲದತ್ತ ಕೈ ತೋರಿಸಿದರು. ರಾತ್ರಿಯೆಲ್ಲ ಮೇಯ್ದು ಬಂದ ಹಕ್ಕಿಯನ್ನು ಎಬ್ಬಿಸಿ ಅದರ ಮನೆ ಗುಡಿಸುವುದರಲ್ಲಿ ಅರ್ಥವಿಲ್ಲ. ಜೂನ್‌ನ ಮೊದಲ ದೊಡ್ಡ ಮಳೆ ಹೊತ್ತು ತರುವ ಕಸ ಇನ್ನೂ ಹಳ್ಳದಲ್ಲಿಯೇ ಇರುವಾಗ ಎತ್ತುವುದು ಸುಲಭ. ಇಷ್ಟು ಸರಳ ಮಾತು ನನಗೆ ಹೊಳೆದಿರಲಿಲ್ಲ. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಇಬ್ಬರು ಮಾತ್ರ ಏರಿಯ ಮೇಲೆಯೇ ಉಳಿದರು. ಅವರ ಮಟ್ಟಿಗೆ ಕೆರೆ ಅಲ್ಲಿಯೇ ಇತ್ತು.

ಹಳ್ಳ ಒಣಗಿತ್ತು. ಮರಳು ಮತ್ತು ಗೋಡು ಬೆರೆತ ತಳದಲ್ಲಿ ನಡೆಯುತ್ತ, ಎರಡೂ ದಂಡೆಯ ಜಾಲಿಗಿಡಗಳಿಗೆ ಸಿಕ್ಕಿಕೊಂಡದ್ದನ್ನು ಬಿಡಿಸುತ್ತ ಮೇಲಕ್ಕೆ ಹೋದೆವು. ಊರಿನ ಹತ್ತಿರ ಸಿಕ್ಕಿದ್ದು ಗುಟ್ಕಾ ಚೀಟಿ, ಶಾಂಪೂ ಚೀಟಿ, ಮದುವೆ ಊಟದ ಥರ್ಮಾಕೋಲ್ ತಟ್ಟೆ. ಒಂದು ಬೇವಿನ ಬುಡದಲ್ಲಿ ಗಾಜು ಒಡೆದ ದೇವರ ಫೋಟೋಗಳ ರಾಶಿಯೇ ಇತ್ತು. ಮನೆಯಲ್ಲಿ ಇಡುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ ಎಂದು ಜನ ಹಳ್ಳಕ್ಕೆ ಒಪ್ಪಿಸಿದ್ದರು. ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಪ್ರತಿಯೊಂದಕ್ಕೂ ಕೈಮುಗಿದು, ಆಮೇಲೆ ಕಾಗದ ಬೇರೆ, ಕಟ್ಟಿಗೆ ಬೇರೆ, ಗಾಜು ಬೇರೆ ಮಾಡಿ ಚೀಲಕ್ಕೆ ಹಾಕಿದರು.

ಊರು ಹಿಂದಾದಂತೆ ಕಸದ ಜಾತಿ ಬದಲಾಯಿತು. ಹರಿದ ಹನಿ ನೀರಾವರಿ ಪೈಪುಗಳು, ಬೆಳೆಯ ಬುಡಕ್ಕೆ ಹಾಸಿ ಈಗ ಪುಡಿಪುಡಿಯಾಗುವ ಮಲ್ಚಿಂಗ್ ಹಾಳೆ, ಮತ್ತು ಕೀಟನಾಶಕದ ಬಾಟಲಿಗಳು. ಕಾಲು ಲೀಟರಿನ ಬಿಳಿ ಪ್ಲಾಸ್ಟಿಕ್ ಬಾಟಲಿಯೊಂದು ಮರಳಿನಲ್ಲಿ ಅರ್ಧ ಹೂತಿತ್ತು. ಮುಚ್ಚಳ ಬಿಗಿಯಾಗಿಯೇ ಇದ್ದು, ಅಲುಗಿಸಿದರೆ ತಳದಲ್ಲಿ ಹಾಲಿನಂಥ ದ್ರವ ಒಂದು ಬೆರಳಷ್ಟು ಆಡುತ್ತಿತ್ತು. ಮುಚ್ಚಳದ ಸುತ್ತ ಇರುವೆಗಳು ಸತ್ತು ಅಂಟಿಕೊಂಡಿದ್ದವು. ಕೃಷಿ ಓದುವ ಹುಡುಗಿಯೊಬ್ಬಳು ಚೀಟಿಯ ಮೂಲೆಯ ವಜ್ರಾಕಾರದ ಗುರುತನ್ನು ತೋರಿಸಿ, ಅದರ ಕೆಳಗಿನ ತ್ರಿಕೋನ ಕೆಂಪಿದ್ದರೆ ಅತಿ ತೀಕ್ಷ್ಣ ವಿಷ, ಹಳದಿಯಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು ಎಂದು ವಿವರಿಸಿದಳು. ನಮ್ಮ ಕೈಯಲ್ಲಿದ್ದದ್ದು ಹಳದಿ. ಔಷಧ ಮುಗಿದ ಮೇಲೆ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನೂ ಸಿಂಪಡಿಸುವ ಕ್ಯಾನಿಗೇ ಸುರಿದು, ಬಾಟಲಿಗೆ ತೂತು ಮಾಡಬೇಕಂತೆ. ಪಕ್ಕದಲ್ಲಿದ್ದ ಯುವ ರೈತ ಕೇಳುತ್ತ ನಿಂತವನು, "ತೂತು ಮಾಡಿದ್ದನ್ನ ಯಾರಿಗೆ ಕೊಡೂದು?" ಎಂದ. ಉತ್ತರ ಯಾರ ಬಳಿಯೂ ಇರಲಿಲ್ಲ. ನನಗನ್ನಿಸಿದಂತೆ ಅಂದಿನ ಶ್ರಮದಾನದಲ್ಲಿ ಎಲ್ಲಕ್ಕಿಂತ ಸರಿಯಾದ ಪ್ರಶ್ನೆ ಅದೇ.

ಮಧ್ಯಾಹ್ನ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿದರು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಿರಿಯರು ಬದುವನ್ನೇ ತಟ್ಟಿ ತೋರಿಸಿ, ಅದು ಒಡೆದರೆ ಎರೆಮಣ್ಣು ಮಳೆಯ ಜೊತೆ ಹೊರಟು ಕೆರೆಯಲ್ಲಿ ಹೂಳಾಗಿ ಕೂರುತ್ತದೆ, ಹೂಳು ತುಂಬಿದಷ್ಟೂ ನೀರು ಬೇಗ ಬತ್ತುತ್ತದೆ ಎಂದರು. ಅವರ ಕಣ್ಣಲ್ಲಿ ಪ್ಲಾಸ್ಟಿಕ್ ಕಣ್ಣಿಗೆ ಕಾಣುವ ಕಸ, ಕೊಚ್ಚಿ ಬರುವ ಮಣ್ಣು ಕಾಣದ ಕಸ. ಊಟದ ನಂತರ ಹತ್ತು ಜನ ಸಲಿಕೆ ಹಿಡಿದು, ಕುಸಿದಿದ್ದ ಎರಡು ಬದುಗಳಿಗೆ ಕಲ್ಲು ಕೊಟ್ಟು ಮಣ್ಣು ಏರಿಸಿದರು. ಹೆಬ್ಬಾತುಗಳು ಕಡಲೆ ತಿನ್ನುವುದಿಲ್ಲವೇ ಎಂದು ಕೇಳಿದೆ. "ತಿಂತಾವ್ರಿ. ಹಿಕ್ಕಿ ಹಾಕಿ ಹೋಗತಾವು, ಗೊಬ್ಬರ ಆಗತೈತಿ" ಎಂದು ನಕ್ಕರು; ಆ ನಗೆಯಲ್ಲಿ ನಷ್ಟದ ಲೆಕ್ಕ ಪೂರ್ತಿ ಮಾಫಿಯಾಗಿತ್ತೆಂದು ನನಗೆ ತೋರಲಿಲ್ಲ.

ನಾಲ್ಕಕ್ಕೆ ಬರಬೇಕಾಗಿದ್ದ ಟ್ರ್ಯಾಕ್ಟರು ಬರಲಿಲ್ಲ. ಒಪ್ಪಿಕೊಂಡಿದ್ದವರ ಫೋನು ಮೊದಲು ಬಿಜಿ ಬಂತು, ಆಮೇಲೆ ಬಂದಾಯಿತು. ಮೂವತ್ತೇಳು ಚೀಲಗಳು ಹಳ್ಳದ ದಂಡೆಯ ಮೇಲೆ ಸಾಲಾಗಿ ಕೂತಿದ್ದವು. ಕತ್ತಲಾಗುವ ಮುನ್ನ ಕೆರೆಯ ಕಡೆಯಿಂದ ಬೆಳಗಿನ ಅದೇ ಸದ್ದು ಎದ್ದಿತು. ಹೆಬ್ಬಾತುಗಳು ಸಾಲುಸಾಲಾಗಿ ನಮ್ಮ ತಲೆಯ ಮೇಲೆಯೇ, ಅಂದು ನಾವು ಮಣ್ಣು ಕೊಟ್ಟ ಬದುಗಳನ್ನು ದಾಟಿ ಹೊಲಗಳತ್ತ ಹೋದವು. ಹಿರಿಯರು ತಲೆ ಎತ್ತಿ ನೋಡಿದರು, ಆಮೇಲೆ ಹಳ್ಳದಲ್ಲಿ ಆರಿಸಿದ್ದ ಹನಿ ನೀರಾವರಿ ಪೈಪನ್ನೇ ಕುಡುಗೋಲಿನಿಂದ ಗೇಣುಗೇಣಾಗಿ ಕೊಯ್ದು ಚೀಲಗಳ ಬಾಯಿ ಕಟ್ಟತೊಡಗಿದರು. "ರಾತ್ರಿ ಗಾಳಿ ಬಿಟ್ಟರ ಮತ್ತ ಹಳ್ಳಕ್ಕೇ ಇಳೀತಾವು" ಎಂದು ನನ್ನ ಕೈಗೂ ನಾಲ್ಕು ತುಂಡು ಕೊಟ್ಟರು. ಕೊನೆಯ ಬಸ್ಸಿಗೆ ಇನ್ನೂ ಸಮಯವಿತ್ತು. ನನ್ನ ಪಾಲಿನ ನಾಲ್ಕು ಚೀಲ ಕಟ್ಟಿ ಹೊರಟೆ.