1600 ಮೀಟರ್ ಓಟಕ್ಕೆ ಕಾಲು ಹದ ಮಾಡುವ ಬಗೆ

ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೆ ಅರ್ಜಿ ಕರೆದರೆ ಸಾಕು, ಸಿಂಧನೂರು, ಗಂಗಾವತಿ ಕಡೆಯ ಕಾಲುವೆ ದಂಡೆಗಳ ಮೇಲೆ ಹುಡುಗರ ಓಟ ಶುರುವಾಗುತ್ತದೆ. ಮೊದಲ ದಿನವೇ ಜೀವ ಬಿಟ್ಟು 1600 ಮೀಟರ್, ಮರುದಿನ ಮತ್ತೆ ಅಷ್ಟೇ. ಮೂರನೇ ವಾರಕ್ಕೆ ಮೊಣಕಾಲ ಕೆಳಗಿನ ಎಲುಬು ನೋವು. ದಮ್ಮು ಕೆಲವೇ ವಾರಗಳಲ್ಲಿ ಕೂಡಿಬರುತ್ತದೆ. ಎಲುಬು, ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ದಮ್ಮಿದೆ ಎಂದು ಓಟ ಏರಿಸಿದರೆ ಪೆಟ್ಟು ಎಲುಬಿಗೆ ಬೀಳುತ್ತದೆ.

ಈ ಹುದ್ದೆಯ ಓಟದ ಪರೀಕ್ಷೆಯಲ್ಲಿ 1600 ಮೀಟರಿಗೆ ಗಂಡುಮಕ್ಕಳಿಗೆ ಇರುವ ಸಮಯ 6 ನಿಮಿಷ 30 ಸೆಕೆಂಡ್. ಅಂದರೆ 400 ಮೀಟರಿನ ಒಂದು ಸುತ್ತಿಗೆ ಸುಮಾರು 97 ಸೆಕೆಂಡ್. ಈ ವೇಗವನ್ನು ಮೊದಲ ದಿನದಿಂದಲೇ ಕಾಲಿಗೆ ಕಲಿಸಿ, ದೂರವನ್ನು ಮಾತ್ರ ಚಿಕ್ಕದಿಡಿ. ಮೊದಲ ವಾರ 200 ಮೀಟರನ್ನು 48 ಸೆಕೆಂಡಿನಲ್ಲಿ 6 ಸಲ, ನಡುವೆ 90 ಸೆಕೆಂಡ್ ನಡಿಗೆ. ಎರಡನೇ ವಾರ 8 ಸಲ. ಮೂರನೇ ವಾರ 400 ಮೀಟರ್ 4 ಸಲ, ನಡುವೆ 2 ನಿಮಿಷ ವಿಶ್ರಾಂತಿ. ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಇದನ್ನು ಯಾರೂ ಮಾಡುವುದಿಲ್ಲ, ಮೈ ಬಲಿಯುವುದು ಆಗಲೇ. ಮುಂದೆ 400 ಮೀಟರ್ 5 ಸಲ, ಆಮೇಲೆ ವಿಶ್ರಾಂತಿಯನ್ನು 90 ಸೆಕೆಂಡಿಗೆ ಇಳಿಸಿ, ಆಮೇಲೆ 600 ಮೀಟರ್ 3 ಸಲ, ಕೊನೆಗೆ 800 ಮೀಟರ್ 2 ಸಲ. ಒಂದು ವಾರಕ್ಕೆ ಒಂದೇ ಬದಲಾವಣೆ. ಕೊನೆಯ ಓಟ ಮೊದಲನೆಯದಕ್ಕಿಂತ 3–4 ಸೆಕೆಂಡ್ ನಿಧಾನವಾದರೆ ಆ ವಾರವನ್ನೇ ಮತ್ತೊಮ್ಮೆ ಮಾಡಿ.

ಈ ಓಟ ವಾರಕ್ಕೆ ಎರಡು ದಿನ ಸಾಕು. ಇನ್ನೆರಡು ದಿನ ಜೊತೆಗಾರನ ಕೂಡ ಮಾತಾಡುತ್ತ ಓಡುವಷ್ಟು ನಿಧಾನದ ಓಟ, 20 ನಿಮಿಷದಿಂದ ಶುರು. ಬಿರುಕು ಬಿಟ್ಟ ಎರೆ ಹೊಲದಲ್ಲಿ ಬೇಡ, ಕಾಲು ಉಳುಕುತ್ತದೆ.

ಬಲಕ್ಕೆ ಜಿಮ್ ಬೇಕಿಲ್ಲ. ಚೀಲಕ್ಕೆ 10 ಕಿಲೋ ಜೋಳ ತೂಗಿ ತುಂಬಿ, ಅಲುಗಾಡದಂತೆ ಬಿಗಿಯಾಗಿ ಕಟ್ಟಿ, ಎದೆಗೆ ಅಪ್ಪಿಕೊಂಡು 8 ಬಸ್ಕಿ, ಮೂರು ಸರದಿ. ಪ್ರತಿ ಸಲ ಒಂದೊಂದು ಬಸ್ಕಿ ಏರಿಸಿ 12 ತಲುಪಿದ ಮೇಲೆ 2 ಕಿಲೋ ಸೇರಿಸಿ, ಮತ್ತೆ 8ಕ್ಕೆ ಬನ್ನಿ. ಬೆನ್ನು ಗೂನಾದರೆ ಭಾರ ಹೆಚ್ಚಾಯಿತೆಂದೇ ಅರ್ಥ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು 15 ಸಲ, ಮೂರು ಎಣಿಸುತ್ತ ಇಳಿಸಬೇಕು. ಇದು ಮೀನಖಂಡವನ್ನು ಗಟ್ಟಿ ಮಾಡುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಯ ಪೆಟ್ಟನ್ನು ಹೊರುವುದರಲ್ಲಿ ಅದರ ಪಾಲು ದೊಡ್ಡದು.

ಪಂಥ ಕಟ್ಟಿ ಒಮ್ಮೆಲೇ 300 ಬಸ್ಕಿ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಸ್ನಾಯು ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಚ್ಚುವ ನೋವಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅದು ಎಲುಬು ಸೀಳಿರುವ ಗುರುತಾಗಿರಬಹುದು.

ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಮೈ ಒಗ್ಗಲು 10–14 ದಿನ ಬೇಕು. ಬೆಳಗಿನ 7ರೊಳಗೆ ಓಟ ಮುಗಿಸಿ. ಬೆವರು ಹೆಚ್ಚು ಹರಿದ ದಿನ ಒಂದು ಲೀಟರ್ ನೀರಿಗೆ ಚಮಚದ ಅಂಚಿಗೆ ಸಮವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ.

ಪರೀಕ್ಷೆಗೆ ಮುಂಚಿನ ಕೊನೆಯ ವಾರ ಜೋಳದ ಚೀಲ ಮುಟ್ಟಬೇಡಿ. ಓಟವೂ ಅರ್ಧ, ವೇಗ ಮಾತ್ರ ಸುತ್ತಿಗೆ ಅದೇ 97 ಸೆಕೆಂಡ್.