ಕಾರ್ ಸ್ಟಾರ್ಟ್ ಆಗಲಿಲ್ಲ, ತಪ್ಪು ಬ್ಯಾಟರಿಯದ್ದಲ್ಲ

ಜುಲೈ ತಿಂಗಳು. ಕಾರವಾರದಲ್ಲಿ ಮೂರು ದಿನದಿಂದ ಬಿಡದೆ ಮಳೆ. ಆಯಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ವಾರವಾಗಿತ್ತು, ಅವತ್ತು ಅಂಕೋಲೆಗೆ ತೋರಿಸಲು ಹೋಗಬೇಕಿತ್ತು. ಎಂಟೂವರೆಗೆ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದೆ. 'ಟಕ್' ಅಂತು. ಅಷ್ಟೇ. ಮತ್ತೆ ತಿರುಗಿಸಿದೆ, ಮತ್ತೆ ಒಂದೇ ಟಕ್.

ಪಕ್ಕದ ಮನೆಯವರು ಕೊಡೆ ಹಿಡಿದು ಬಂದು, "ಬ್ಯಾಟರಿ ಹೋಗಿದೆ, ಬೇರೇನಲ್ಲ" ಅಂದರು. ನನಗೂ ಹಾಗೇ ಅನ್ನಿಸಿತ್ತು, ಮೂರು ವರ್ಷದ ಬ್ಯಾಟರಿ ಅಲ್ವಾ. ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆವು. ಬಸ್ಸಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ಆಯಿ ಕಪ್ಪು ಕನ್ನಡಕದ ಮೇಲೆ ಸೆರಗು ಒತ್ತಿ ಹಿಡಿದು ಅಂಕೋಲೆವರೆಗೂ ಹಾಗೇ ಕೂತಿದ್ದಳು. ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಸಂಜೆ ಹಳೇ ಬ್ಯಾಟರಿ ಕೊಟ್ಟು, ಮೇಲೆ 5,500 ರೂಪಾಯಿ ಹಾಕಿ ಹೊಸದು ತಂದೆ. ಕೂರಿಸಿ ಕೀ ತಿರುಗಿಸಿದರೆ ಅದೇ ಟಕ್.

ಮರುದಿನ ಬೈತಖೋಲದಿಂದ ಒಬ್ಬರು ಕಾಕಾ ಬಂದರು. ಅರವತ್ತು ದಾಟಿದವರು, ಬಂದರಿನಲ್ಲಿ ಬೋಟುಗಳ ವೈರಿಂಗ್ ಮಾಡಿಕೊಂಡೇ ಬಂದವರು. ಬಾನೆಟ್ ಎತ್ತುವ ಮೊದಲೇ ಕೇಳಿದರು: "ಕೀ ತಿರುಗಿಸಿದಾಗ ಹೆಡ್‌ಲೈಟ್ ಏನಾಗ್ತದೆ, ತಮ್ಮಾ?"

ನಾನು ನೋಡಿರಲೇ ಇಲ್ಲ. ಲೈಟ್ ಹಾಕಿ ಕೀ ತಿರುಗಿಸಿದೆ. ಟಕ್ ಅಂತು, ಆದರೆ ಎದುರಿನ ಗೋಡೆ ಮೇಲಿನ ಬೆಳಕು ಸ್ವಲ್ಪವೂ ಕುಗ್ಗಲಿಲ್ಲ. ಬ್ಯಾಟರಿ ಬತ್ತಿದ್ದರೆ ಲೈಟ್ ಮಂಕಾಗಿ ಹೋಗಬೇಕಿತ್ತು. ಮಂಕಾಗಲಿಲ್ಲ ಅಂದರೆ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟರ್ ಬೇಕಾದಷ್ಟು ಕರೆಂಟನ್ನು ಎಳೆಯುತ್ತಲೇ ಇಲ್ಲ. ಎಲ್ಲೋ ದಾರಿ ಕಟ್ಟಿದೆ.

ಆಮೇಲೆ ವೋಲ್ಟ್ ಅಳೆಯುವ ಮೀಟರ್ ತೆಗೆದರು. ಬ್ಯಾಟರಿಯ ಎರಡು ತುದಿಗೆ ಇಟ್ಟರೆ 12.6. ನಾನು ಕೀ ತಿರುಗಿಸಿದಾಗಲೂ 12ರ ಮೇಲೆಯೇ ನಿಂತಿತು. ಈಗ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬರೀ ಲೋಹಕ್ಕೆ ಒತ್ತಿ, "ತಿರುಗಿಸು" ಅಂದರು. ಅಲ್ಲಿ ಅರ್ಧ ವೋಲ್ಟ್ ಕೂಡ ಕಾಣಬಾರದು. ಕಂಡಿದ್ದು 9. ಸೆಲ್ಫ್ ಮೋಟರಿಗೆ ಸಿಗಬೇಕಾದದ್ದೆಲ್ಲ ವಾಪಸ್ ಬರುವ ದಾರಿಯಲ್ಲೇ ಸೋರಿಹೋಗುತ್ತಿತ್ತು. ಹೆಡ್‌ಲೈಟಿಗೆ ಬೇಕಾದದ್ದು ಸುಮಾರು 10 ಆಂಪಿಯರ್, ಅದರ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ, ಬೇರೆ; ಅದು ಕಾರಿನ ಮೈಯ ಲೋಹದಿಂದ ಹೋಗುತ್ತದೆ. ಸೆಲ್ಫ್ ಮೋಟರಿಗೆ ನೂರರ ಮೇಲೆ ಬೇಕು, ಅದು ಎಂಜಿನ್ನಿನ ಅರ್ಥ್ ಪಟ್ಟಿಯಿಂದಲೇ ಹಾಯಬೇಕು.

ಕಾಕಾ ಜಂಪರ್ ಕೇಬಲ್ ಒಂದನ್ನೇ ತೆಗೆದು, ಬ್ಯಾಟರಿಯ ಮೈನಸ್ಸಿಂದ ಸೀದಾ ಎಂಜಿನ್ನಿಗೆ ಕಚ್ಚಿಸಿದರು. ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು! ಆಯಿ ಒಳಗಿಂದ, "ಆಯ್ತನಾ ತಮಾ?" ಅಂತ ಕೂಗಿದಳು.

ಕೆಳಗೆ ಕೈ ಹಾಕಿ ಬಿಚ್ಚಿದ ಆ ಪಟ್ಟಿಯನ್ನು ನನ್ನ ಅಂಗೈ ಮೇಲಿಟ್ಟರು. ತಾಮ್ರದ ಎಳೆಗಳನ್ನು ಜಡೆ ಹಾಗೆ ಹೆಣೆದದ್ದು. ಮಧ್ಯೆ ಚೆನ್ನಾಗೇ ಇತ್ತು. ಬೋಲ್ಟ್ ಕೂರುವ ತುದಿಯಲ್ಲಿ ಮಾತ್ರ ಹಸಿರು ಪುಡಿ, ಬೆರಳಲ್ಲಿ ಉಜ್ಜಿದರೆ ಎಳೆಗಳು ಮುರಿದು ಉದುರುತ್ತಿದ್ದವು. ಕೋಡಿಬಾಗದ ನಮ್ಮ ಮನೆಯಿಂದ ಸಮುದ್ರ ಕೂಗಳತೆ ದೂರ. ಇಲ್ಲಿ ಕಿಟಕಿ ಸರಳು, ಬಾಗಿಲ ಚಿಲಕ ಎಲ್ಲದಕ್ಕೂ ಉಪ್ಪುಗಾಳಿ ತಾಗುತ್ತದೆ, ಉಪ್ಪು ತೇವವನ್ನು ಬಿಡುವುದಿಲ್ಲ, ಇದೆಲ್ಲ ಗೊತ್ತಿದ್ದೂ ಬಾನೆಟ್ಟಿನ ಕೆಳಗೂ ಅದೇ ಗಾಳಿ ಹೋಗುತ್ತದೆ ಅಂತ ನಾನು ಯೋಚಿಸಿರಲಿಲ್ಲ.

ಹೊಸ ಪಟ್ಟಿಗೆ ಖರ್ಚಾದದ್ದು ಹೊಸ ಬ್ಯಾಟರಿಗೆ ಕೊಟ್ಟದ್ದರ ಮುಂದೆ ಏನೂ ಅಲ್ಲ. ಬೋಲ್ಟ್ ಕೂರುವ ಜಾಗವನ್ನು ಪಾಲಿಶ್ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲಿಂದ ಗ್ರೀಸ್ ಬಳಿದರು. ಮತ್ತೆ ಅಳೆದರೆ 0.2. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1, ಅಂದರೆ ಚಾರ್ಜಿಂಗೂ ಸರಿಯಿದೆ. ಹಳೇ ಬ್ಯಾಟರಿಯನ್ನು ಸುಮ್ನೆ ಕೊಟ್ಟುಬಿಟ್ಟೆನಲ್ಲ ಅಂತ ಈಗಲೂ ಬೇಸರವಿದೆ.

ಮುಂದಿನ ವಾರ ಆಯಿಯನ್ನು ಮತ್ತೆ ಅಂಕೋಲೆಗೆ ಕರೆದುಕೊಂಡು ಹೋಗಬೇಕಿತ್ತು. ಅವಳು ಕೂತ ಮೇಲೆ ಗಾಜು ಪೂರ್ತಿ ಏರಿಸಿದೆ. ಹೆಡ್‌ಲೈಟ್ ಹಾಕಿ, ಎದುರಿನ ಗೋಡೆಯನ್ನೇ ನೋಡುತ್ತಾ ಕೀ ತಿರುಗಿಸಿದೆ. ಬೆಳಕು ಒಂದು ಕ್ಷಣ ಕುಗ್ಗಿತು, ಎಂಜಿನ್ ಎದ್ದಿತು.